ಮಳೆ ಹಿಡಿಯುವ ಮುಂಚೆ ಆಸ್ಪತ್ರೆ ಚೀಟಿಗಳನ್ನು ಆಭಾಗೆ ಜೋಡಿಸಿಕೊಳ್ಳುವುದು ಹೇಗೆ?

ನಮ್ಮ ಮಾವನ ಆಸ್ಪತ್ರೆ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ಕವರಿನಲ್ಲಿ, ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದವು. ಕಕ್ಕಡದ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳ, ಒಂದು ರಾತ್ರಿ ಅವರಿಗೆ ಎದೆನೋವು ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ಎಂದು ಇಲ್ಲಿನ ಡಾಕ್ಟರು ಹೇಳಿದರು. ಗಾಡಿ ಕುಶಾಲನಗರ ದಾಟಿದ ಮೇಲೆ ಕವರಿನ ನೆನಪಾಯಿತು. ಅಲ್ಲಿ ಡಾಕ್ಟರು ಮೊದಲು ಕೇಳಿದ್ದೇ, ‘ರಕ್ತ ತೆಳು ಮಾಡುವ ಮಾತ್ರೆ ತಗೋತಾರಾ? ಎಷ್ಟು ಎಂಜಿ?’ ಎಂದು. ‘ಸಣ್ಣ ಮಾತ್ರೆ, ರಾತ್ರಿ ಊಟ ಆದ ಮೇಲೆ’ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಹಳೇ ಇಸಿಜಿ ಇದ್ದಿದ್ದರೆ ಪಕ್ಕದಲ್ಲಿಟ್ಟು ಹೋಲಿಸಬಹುದಿತ್ತು ಎಂದರು. ಅದು ಮೊಳೆಯಲ್ಲಿತ್ತು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ದೊಡ್ಡ ಕಾಯಿಲೆ ಎಂದರೆ ನಾವು ಅಲ್ಲಿಗೋ ಮಂಗಳೂರಿಗೋ ಓಡಲೇಬೇಕು. ಒಂದು ಆಸ್ಪತ್ರೆಯಲ್ಲಿ ಬರೆದದ್ದನ್ನು ಇನ್ನೊಂದರ ಡಾಕ್ಟರು ನೋಡುವಂತೆ ಮಾಡುವ ವ್ಯವಸ್ಥೆ ಈಗ ಇದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ (ಎಬಿಡಿಎಂ) ಅದು. ನಮಗೆ ಸಿಗುವುದು ಆಭಾ ಎಂಬ 14 ಅಂಕಿಯ ನಂಬರು.

ನಂಬರು ಮಾಡಿಸಿಕೊಳ್ಳಿ

ಇದು ಐದು ನಿಮಿಷದ ಕೆಲಸ. ಫೋನಿಗೆ ಆಭಾ ಆ್ಯಪ್ ಹಾಕಿಕೊಂಡು ಆಧಾರ್ ನಂಬರು ಕೊಟ್ಟರೆ ಒಟಿಪಿ ಬರುತ್ತದೆ. ಅದನ್ನು ಹಾಕಿ. ಆಮೇಲೆ ನೆನಪಿಟ್ಟುಕೊಳ್ಳಲು ಸುಲಭವಾದ ಆಭಾ ವಿಳಾಸ ಆರಿಸಿಕೊಳ್ಳಿ. ಹೆಸರಿನ ಮುಂದೆ ‘ಅಟ್ ಎಬಿಡಿಎಂ’ ಎಂದು ಬರುತ್ತದಲ್ಲ, ಅದೇ. ದುಡ್ಡು ಕೊಡಬೇಕಾಗಿಲ್ಲ.

ತೊಡಕು ಬರುವುದು ಮನೆಯ ಹಿರಿಯರ ವಿಷಯದಲ್ಲಿ. ಅವರ ಆಧಾರ್‌ಗೆ ಯಾವ ಕಾಲದ್ದೋ ಸಿಮ್ ನಂಬರು ಇರುತ್ತದೆ, ಒಟಿಪಿ ಬರುವುದೇ ಇಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಮೊದಲು ಅದನ್ನು ಸರಿ ಮಾಡಿಸಿ. ಇಲ್ಲವೇ ಬೆರಳಚ್ಚು ಯಂತ್ರ ಇರುವ ಆಸ್ಪತ್ರೆಯಲ್ಲಿ ಮಾಡಿಸಬಹುದು. ಮನೆಯ ಹಲವರ ಆಭಾವನ್ನು ಒಂದೇ ಮೊಬೈಲ್ ನಂಬರಿಗೆ ಜೋಡಿಸಲು ಅವಕಾಶ ಇದೆ. ಹಾಗಾಗಿ ಅಜ್ಜಿಗೆ ಸ್ಮಾರ್ಟ್‌ಫೋನ್ ಇಲ್ಲದಿದ್ದರೂ ಚಿಂತೆಯಿಲ್ಲ.

ಒಂದು ಗೊಂದಲ ಜಾಸ್ತಿ ಕೇಳಿಬರುತ್ತದೆ. 5 ಲಕ್ಷದ ಚಿಕಿತ್ಸೆಗೆ ಕೊಡುವ ಆಯುಷ್ಮಾನ್ ಕಾರ್ಡ್ ಬೇರೆ, ಆಭಾ ಬೇರೆ. ಆಭಾ ಇದ್ದರೆ ಬಿಲ್ ಕಡಿಮೆಯಾಗುವುದಿಲ್ಲ. ಆಭಾ ಇಲ್ಲ ಎಂದು ಯಾವ ಆಸ್ಪತ್ರೆಯೂ ಚಿಕಿತ್ಸೆ ಕೊಡದೆ ಕಳಿಸುವಂತೆಯೂ ಇಲ್ಲ.

ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ

ಎಲ್ಲರೂ ತಪ್ಪುವುದು ಇಲ್ಲೇ. ನಂಬರು ಮಾಡಿಸಿ ಸುಮ್ನೆ ಕೂತರೆ ಒಳಗೆ ಏನೂ ಬರುವುದಿಲ್ಲ. ಓಪಿಡಿ ಚೀಟಿ ಮಾಡಿಸುವಾಗಲೇ ‘ನನ್ನ ಆಭಾ ನಂಬರಿಗೆ ಜೋಡಿಸಿ’ ಎಂದು ಹೇಳಬೇಕು. ಗೋಡೆಗೆ ಕ್ಯುಆರ್ ಕೋಡ್ ಅಂಟಿಸಿದ್ದರೆ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ನಿಮ್ಮ ಹೆಸರು, ವಯಸ್ಸು ಕೌಂಟರಿಗೆ ಹೋಗುತ್ತದೆ, ಟೋಕನ್ ಫೋನಿಗೆ ಬರುತ್ತದೆ. ಮನೆಗೆ ಬಂದ ಮೇಲೆ ಆ್ಯಪ್ ತೆರೆದು ಆ ಆಸ್ಪತ್ರೆಯ ದಾಖಲೆ ಬಂದಿದೆಯಾ ನೋಡಿ. ಬಂದಿರದಿದ್ದರೆ ಅದೇ ಆ್ಯಪ್‌ನಲ್ಲಿ ಆಸ್ಪತ್ರೆಯ ಹೆಸರು ಹುಡುಕಿ ನೀವೇ ಜೋಡಿಸಲು ನೋಡಬಹುದು.

ಆ ಆಸ್ಪತ್ರೆ ಈ ವ್ಯವಸ್ಥೆಗೆ ಸೇರಿರಬೇಕು, ಚೀಟಿಯನ್ನು ಕಂಪ್ಯೂಟರಿಗೆ ಹಾಕಿರಬೇಕು. ಎಲ್ಲ ಕಡೆಯೂ ಹಾಗಿಲ್ಲ. ಕೈಬರಹದ ಚೀಟಿ, ಊರಿನ ಸಣ್ಣ ಲ್ಯಾಬಿನ ರಿಪೋರ್ಟು ನಾವೇ ಫೋಟೊ ತೆಗೆದು ಹಾಕಬೇಕಾದವು. ಬೆಳಕಿನಲ್ಲಿಟ್ಟು, ದಿನಾಂಕ ಕಾಣುವ ಹಾಗೆ ತೆಗೆಯಿರಿ. ಮಾತ್ರೆಯ ಹಾಳೆಯನ್ನು ತಿರುಗಿಸಿ, ಹೆಸರು ಮತ್ತು ಎಂಜಿ ಇರುವ ಕಡೆಯ ಫೋಟೊವನ್ನೂ ಇಟ್ಟುಕೊಳ್ಳಿ. ಆ ರಾತ್ರಿ ನನ್ನ ಹತ್ತಿರ ಅದೂ ಇರಲಿಲ್ಲ.

ಯಾರಿಗೆ ತೋರಿಸಬೇಕು ಎನ್ನುವುದು ನಿಮ್ಮ ಕೈಯಲ್ಲಿ

ನಮ್ಮ ರಿಪೋರ್ಟುಗಳೆಲ್ಲ ದೆಹಲಿಯ ಯಾವುದೋ ಕಂಪ್ಯೂಟರಿಗೆ ಹೋಗಿಬಿಡುತ್ತವಾ ಎಂದು ನಮ್ಮ ಅತ್ತೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಮೈಸೂರಿನ ಡಾಕ್ಟರು ನೋಡಬೇಕು ಅಂದರೆ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ. ಯಾವ ಆಸ್ಪತ್ರೆಯ ದಾಖಲೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಷ್ಟು ದಿನ ನೋಡಬಹುದು, ಎಲ್ಲವೂ ಅದರಲ್ಲಿರುತ್ತದೆ. ಓದಿ ಒಪ್ಪಿ. ಹಲ್ಲುನೋವಿಗೆ ಹೋದಾಗ ಹೆರಿಗೆಯ ಕಾಗದ ತೋರಿಸಬೇಕಿಲ್ಲ ಅಲ್ವಾ, ಬೇಡದ್ದನ್ನು ಬಿಡಿ. ಕೊಟ್ಟ ಒಪ್ಪಿಗೆಯನ್ನು ಆಮೇಲೆ ವಾಪಸ್ ಪಡೆಯಲೂಬಹುದು. ಆದರೆ ಒಟಿಪಿ ಮಾತ್ರ ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬೇಡಿ.

ಇದು ಒಂದೇ ರಾಜ್ಯಕ್ಕೆ ಸೀಮಿತವಲ್ಲ. ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಂ ಕಾರ್ಮಿಕರಿಗೂ ಇದೇ ನಂಬರು ಅವರ ಊರಿನಲ್ಲೂ ನಡೆಯುತ್ತದೆ. ತೋಟದ ಮಾಲೀಕರು ಒಂದು ಭಾನುವಾರ ಕೂತು ಅವರಿಗೂ ಮಾಡಿಸಿಕೊಡಿ. ಗರ್ಭಿಣಿಯರಿದ್ದರೆ ಅವರದ್ದು ಮೊದಲು.

ಕರೆಂಟು, ಟವರ್ ಎರಡೂ ಹೋದಾಗ

ಕೊಡಗಿನಲ್ಲಿ 2018ರ ಆಗಸ್ಟ್ ಮಳೆ ನೆನಪಿದೆಯಲ್ಲ? ರಸ್ತೆ ಕುಸಿಯಿತು, ಕರೆಂಟು ಹೋಯಿತು, ಫೋನೂ ಸತ್ತಿತು. ಅಂಥ ದಿನ ಯಾವ ಆ್ಯಪ್ ತೆರೆಯುತ್ತದೆ? ಮುಖ್ಯವಾದ ರಿಪೋರ್ಟುಗಳನ್ನು ನೆಟ್‌ವರ್ಕ್ ಇರುವಾಗಲೇ ಫೋನಿಗೆ ಇಳಿಸಿಕೊಳ್ಳಿ. ಜೊತೆಗೆ ಒಂದು ಹಾಳೆ ಬರೆದಿಡಿ. ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆಗಳು, ಮಾತ್ರೆಗಳ ಹೆಸರು ಮತ್ತು ಎಂಜಿ, ಒಗ್ಗದ ಔಷಧ, ಆದ ಆಪರೇಷನ್ನು, ಆಭಾ ನಂಬರು, ಮನೆಯವರ ಫೋನ್ ನಂಬರು. ಪೆನ್ನಿನಲ್ಲಿ ಬರೆದದ್ದು ನಮ್ಮ ತೇವಕ್ಕೆ ಹರಡಿಬಿಡುತ್ತದೆ, ಲ್ಯಾಮಿನೇಷನ್ ಮಾಡಿಸಿದರೆ ಮಾತ್ರೆ ಬದಲಾದಾಗ ತಿದ್ದಲು ಬರುವುದಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರೇ ಸಾಕು. ನಮ್ಮದು ಈಗ ಜೀಪಿನ ಡ್ಯಾಷ್‌ಬೋರ್ಡಿನಲ್ಲಿದೆ. ಮೊನ್ನೆ ಮಾವನ ಬಿಪಿ ಮಾತ್ರೆ ಬದಲಾಯಿತು, ಅವರೇ ಕೇಳಿ ಹೊಸ ಹಾಳೆ ಬರೆಸಿಕೊಂಡರು.