ಪ್ರಿಂಟರ್ ಕೊಳ್ಳುವ ಮೊದಲು ಖಾಲಿ ದಿನಗಳನ್ನು ಎಣಿಸಿ

ಇಂಕ್‌ಜೆಟ್ಟೋ ಲೇಸರ್ರೋ ಎಂದು ಅಂಗಡಿಯವರನ್ನು ಕೇಳುವ ಮೊದಲು ನಿಮ್ಮ ಮನೆಯ ಗೋಡೆ ಕ್ಯಾಲೆಂಡರ್ ನೋಡಿ. ಒಂದು ತಿಂಗಳು, ಮನೆಯವರು ಯಾರೇ ಪ್ರಿಂಟ್‌ಗೆಂದು ಜೆರಾಕ್ಸ್ ಅಂಗಡಿಗೆ ಹೋಗಿ ಬಂದರೂ ಎಷ್ಟು ಹಾಳೆ ಎಂದು ಆ ತಾರೀಕಿನ ಕೆಳಗೆ ಬರೆಯಿರಿ. ಬಣ್ಣದ ಪ್ರಿಂಟ್ ಆದರೆ ಸುತ್ತ ಒಂದು ಗೆರೆ ಎಳೆಯಿರಿ. ಹಾಳೆಗಳ ಲೆಕ್ಕ ಎಲ್ಲರೂ ಹಾಕುತ್ತಾರೆ. ನಡುವೆ ಎಷ್ಟು ದಿನ ಖಾಲಿ ಎಂದು ಯಾರೂ ನೋಡುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ.

ಇಂಕ್‌ಜೆಟ್‌ನಲ್ಲಿ ಇರುವುದು ದ್ರವ ಶಾಯಿ. ಕೂದಲಿಗಿಂತ ಸಣ್ಣ ತೂತುಗಳಿಂದ ಹನಿಹನಿಯಾಗಿ ಕಾಗದಕ್ಕೆ ಬೀಳುತ್ತದೆ. ವಾರಗಟ್ಟಲೆ ಸುಮ್ನೆ ಬಿಟ್ಟರೆ ತೂತಿನ ಬಾಯಲ್ಲೇ ಒಣಗುತ್ತದೆ. ನಮ್ಮ ಮನೆಯಲ್ಲಿ ಬೇಸಿಗೆ ರಜೆಯ ಎರಡು ತಿಂಗಳು ಪ್ರಿಂಟರ್ ಯಾರೂ ಮುಟ್ಟಲಿಲ್ಲ. ಜೂನ್‌ನಲ್ಲಿ ಮಗಳ ಪ್ರಾಜೆಕ್ಟ್‌ಗೆ ಎಲೆಯ ಚಿತ್ರ ತೆಗೆದರೆ ಹಸಿರು ಎಲೆ ನೀಲಿಯಾಗಿ ಬಂತು! ಹಳದಿ ಶಾಯಿಯ ತೂತುಗಳು ಕಟ್ಟಿಕೊಂಡಿದ್ದವು. ಈ ತೂತುಗಳಿರುವ ಭಾಗಕ್ಕೆ ಹೆಡ್ ಎನ್ನುತ್ತಾರೆ. ಮೂರು ಸಲ ಹೆಡ್ ಕ್ಲೀನಿಂಗ್, ಅಂದರೆ ಶಾಯಿ ಹರಿಸಿ ತೂತು ಬಿಡಿಸುವ ಕೆಲಸ, ಮಾಡಿದ ಮೇಲೆ ಸರಿಹೋಯಿತು. ಆದರೆ ಪ್ರತಿ ಕ್ಲೀನಿಂಗ್‌ಗೂ ಶಾಯಿ ಖರ್ಚು.

ಲೇಸರ್‌ನಲ್ಲಿ ಶಾಯಿಯೇ ಇಲ್ಲ. ಟೋನರ್ ಎಂದರೆ ನುಣ್ಣನೆಯ ಪ್ಲಾಸ್ಟಿಕ್ ಪುಡಿ, ಒಣಗುವ ಮಾತೇ ಬರುವುದಿಲ್ಲ. ಲೇಸರ್ ಬೆಳಕು ಡ್ರಮ್ಮಿನ, ಅಂದರೆ ಒಳಗೆ ತಿರುಗುವ ಉರುಳೆಯ, ಮೇಲೆ ಅಕ್ಷರ ಮೂಡಿಸುತ್ತದೆ, ಪುಡಿ ಅಲ್ಲಿ ಅಂಟಿ ಕಾಗದಕ್ಕೆ ಬರುತ್ತದೆ, ಬಿಸಿ ರೋಲರ್ ಅದನ್ನು ಕರಗಿಸಿ ಕೂರಿಸುತ್ತದೆ. ಹಾಳೆ ಬೆಚ್ಚಗೆ ಹೊರಬರುವುದು ಅದಕ್ಕೇ. ಒದ್ದೆ ಬೆರಳು ತಗುಲಿದರೂ ಅಕ್ಷರ ಹರಡುವುದಿಲ್ಲ. ಮಳೆಗಾಲದಲ್ಲಿ ಪಹಣಿ, ಅರ್ಜಿ ಹಿಡಿದು ಕಚೇರಿಗೆ ಅಲೆಯುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಈಗ ಕ್ಯಾಲೆಂಡರ್ ತೆಗೆಯಿರಿ. ಬಹುಪಾಲು ಕಪ್ಪು ಅಕ್ಷರ, ನಡುವೆ ಹತ್ತು ಹದಿನೈದು ದಿನ ಖಾಲಿ ಇದ್ದರೆ ಕಪ್ಪು ಬಿಳುಪಿನ ಲೇಸರ್ ತಗೊಳ್ಳಿ. ವಾರವಾರವೂ ಬಣ್ಣ ಬೇಕು ಎಂದರೆ ಬಾಟಲಿಯಿಂದ ಶಾಯಿ ತುಂಬುವ ಇಂಕ್‌ಜೆಟ್, ಅಂದರೆ ಇಂಕ್ ಟ್ಯಾಂಕ್, ಒಳ್ಳೆಯದು. ಸಣ್ಣ ಕಾರ್ಟ್ರಿಡ್ಜ್ (ಶಾಯಿಯ ಡಬ್ಬಿ) ಹಾಕುವ ಅಗ್ಗದ ಇಂಕ್‌ಜೆಟ್ ನಾನು ಯಾರಿಗೂ ಹೇಳುವುದಿಲ್ಲ. ಯಂತ್ರದಲ್ಲಿ ಉಳಿಸಿದ ಹಣ ಕಾರ್ಟ್ರಿಡ್ಜ್‌ಗೇ ಹೋಗುತ್ತದೆ. ಬಣ್ಣದ ಲೇಸರ್‌ಗೆ ನಾಲ್ಕು ಟೋನರ್ ಬೇಕು, ಮನೆಗೆ ಅದು ಜಾಸ್ತಿಯಾಯಿತು.

ಆಮೇಲೆ ಪುಟದ ಖರ್ಚು ನೋಡಿ. ಟೋನರ್ ಬೆಲೆ 1,800 ರೂಪಾಯಿ, ಡಬ್ಬಿಯ ಮೇಲೆ 1,500 ಪುಟ ಎಂದಿದ್ದರೆ ಪುಟಕ್ಕೆ 1 ರೂಪಾಯಿ 20 ಪೈಸೆ. ಆ 1,500 ಸಾಮಾನ್ಯವಾಗಿ ಹಾಳೆಯ 5% ಜಾಗದಲ್ಲಿ ಮಾತ್ರ ಕಪ್ಪು ಇದ್ದಾಗಿನ ಲೆಕ್ಕ. ಒತ್ತೊತ್ತಾಗಿ ತುಂಬಿದ ನೋಟ್ಸ್ ತೆಗೆದರೆ ಬೇಗ ಮುಗಿಯುತ್ತದೆ. ಹೊಸ ಯಂತ್ರದ ಜೊತೆ ಬರುವ ಟೋನರ್ ಎಷ್ಟೋ ಸಲ ಪೂರ್ತಿ ತುಂಬಿರುವುದಿಲ್ಲ. ಅದನ್ನೂ ಕೇಳಿ.

ಅಂಗಡಿಗೆ ಹೋಗುವಾಗ ಪೆನ್ ಡ್ರೈವ್‌ನಲ್ಲಿ ಒಂದು ಕನ್ನಡ ಪುಟದ ಪಿಡಿಎಫ್ ಒಯ್ಯಿರಿ, ಅಕ್ಷರ ಸಣ್ಣದಿರಲಿ. ಎರಡೂ ಬಗೆಯ ಪ್ರಿಂಟರ್‌ನಲ್ಲಿ ತೆಗೆಸಿ ಒತ್ತಕ್ಷರ ನೋಡಿ. ‘ಲಕ್ಷ್ಮಿ’, ‘ಶಾಸ್ತ್ರ’ ಇಂಥ ಕಡೆ ಸಾದಾ ಹಾಳೆಯಲ್ಲಿ ಶಾಯಿ ಹರಡಿ ಸಂದು ಮುಚ್ಚಿಕೊಳ್ಳಬಹುದು. ಲೇಸರ್‌ನಲ್ಲಿ ಅಂಚು ಚೂಪಾಗಿರುತ್ತದೆ.

ಮನೆಗೆ ತಂದ ಮೇಲೆ, ಲೇಸರ್ ಆದರೆ ಗೋಡೆಯ ಪ್ಲಗ್‌ಗೆ ನೇರವಾಗಿ ಹಾಕಿ. ಬಿಸಿ ರೋಲರ್ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ, ಕಂಪ್ಯೂಟರ್‌ನ ಯುಪಿಎಸ್ ತಡೆಯಲಿಕ್ಕಿಲ್ಲ. ಇಂಕ್ ಟ್ಯಾಂಕ್ ಆದರೆ ವಾರಕ್ಕೊಂದು ಬಣ್ಣದ ಹಾಳೆ ತೆಗೆಯಿರಿ. ಆಫ್ ಮಾಡುವಾಗ ಗೋಡೆಯ ಸ್ವಿಚ್ ಒತ್ತಬೇಡಿ. ಪ್ರಿಂಟರ್‌ನದೇ ಗುಂಡಿ ಒತ್ತಿ ಸ್ವಲ್ಪ ಕಾಯಿರಿ. ಹೆಡ್ ತನ್ನ ಮೂಲೆಗೆ ಸರಿದು, ತೂತುಗಳಿಗೆ ಮುಚ್ಚಳ ಕೂತ ಮೇಲೆಯೇ ಅದು ಆಫ್ ಆಗುತ್ತದೆ.