ಹೂವಿಗಿಂತ ಮೊದಲು ಗಿಡ ನೋಡಿ: ಅಮರಿಲ್ಲಿಸ್ ತಳಿ ಬೆರೆಸುವ ನನ್ನ ಅನುಭವ

ಒಂದು ಅಮರಿಲ್ಲಿಸ್ ಹೂವಿನ ಪರಾಗವನ್ನು ಇನ್ನೊಂದಕ್ಕೆ ಹಚ್ಚಲು ಒಂದು ನಿಮಿಷ ಸಾಕು. ಅದರಿಂದ ಹುಟ್ಟಿದ ಸಸಿ ಹೂ ಬಿಡಲು ಎರಡರಿಂದ ನಾಲ್ಕು ವರ್ಷ ಬೇಕು. ಅಷ್ಟು ಕಾಯಬೇಕು ಅಂದಮೇಲೆ ಯಾವ ಗಿಡಕ್ಕೆ ಯಾವ ಗಿಡ ಜೋಡಿ ಅನ್ನೋದನ್ನು ಮೊದಲೇ ಚೆನ್ನಾಗಿ ಯೋಚಿಸಬೇಕು ಅಲ್ವಾ? ಈ ಹವ್ಯಾಸದಲ್ಲಿ ನನ್ನ ಹೆಚ್ಚಿನ ಹೊತ್ತು ಹೋಗೋದು ಅಲ್ಲೇ.

ನಾನು ಹೇಳುತ್ತಿರೋದು ನರ್ಸರಿಗಳಲ್ಲಿ ಅಮರಿಲ್ಲಿಸ್ ಅಂತ ಸಿಗುವ, ಗೆಡ್ಡೆಯಿಂದ ಬೆಳೆಯುವ ಹಿಪ್ಪಿಯಾಸ್ಟ್ರಮ್ ಬಗ್ಗೆ. ಮೂಲ ದಕ್ಷಿಣ ಅಮೆರಿಕ. ಇದರ ತಳಿ ಬೆರೆಸಲು ಲ್ಯಾಬ್ ಬೇಕಿಲ್ಲ, ಡಿಗ್ರಿಯೂ ಬೇಕಿಲ್ಲ. ಈ ಜಾತಿಯಲ್ಲಿ ಮೊದಲನೆಯದು ಅಂತ ಹೆಸರಾದ ಮಿಶ್ರತಳಿಯನ್ನು 1799ರಲ್ಲಿ ಮಾಡಿದವರು ಇಂಗ್ಲೆಂಡಿನ ಆರ್ಥರ್ ಜಾನ್ಸನ್ ಎಂಬ ಗಡಿಯಾರ ತಯಾರಕ. ರೆಜೈನೆ ಮತ್ತು ವಿಟ್ಟಾಟಮ್ ಎಂಬ ಎರಡು ಕಾಡುಜಾತಿಗಳನ್ನು ಅವರು ಕೂಡಿಸಿದರು. ಗಾಢ ಕೆಂಪು ಎಸಳು, ನಡುವೆ ಬಿಳಿ ಪಟ್ಟೆ. ಅದರ ನಂತರ ಎಷ್ಟೋ ದೊಡ್ಡ, ಎಷ್ಟೋ ಬಣ್ಣಬಣ್ಣದ ತಳಿಗಳು ಬಂದು ಹೋದವು. ಆದರೂ ಜಾನ್ಸನ್ ಹೂವು ಇವತ್ತಿಗೂ ತೋಟಗಳಲ್ಲಿ ಉಳಿದಿದೆ. ಅದು ಗಟ್ಟಿ ಗಿಡ, ಮರಿಗೆಡ್ಡೆ ಧಾರಾಳವಾಗಿ ಹಾಕುತ್ತದೆ. ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾ ಬಂದರು, ಅಷ್ಟೇ.

ಹಾಗಾಗಿ ನಾನು ಜೋಡಿ ಆರಿಸುವಾಗ ಹೂವನ್ನು ಕೊನೆಗೆ ನೋಡುತ್ತೇನೆ. ಮೊದಲು ಎಲೆ ಸ್ವಚ್ಛವಾಗಿದೆಯಾ, ಕೆಂಪು ಕಲೆ ಬರುತ್ತದೆಯಾ ಅಂತ ನೋಡಬೇಕು. ಸ್ಟ್ಯಾಗನೋಸ್ಪೋರಾ ಅನ್ನೋ ಶಿಲೀಂಧ್ರ ಎಲೆ, ದಂಟು, ಗೆಡ್ಡೆ ಎಲ್ಲದರ ಮೇಲೂ ಕೆಂಪು ಕಲೆ ಮಾಡುತ್ತದೆ. ಕೆಲವು ಗಿಡಗಳಿಗೆ ಅದು ಪದೇ ಪದೇ ಬರುತ್ತದೆ, ಪಕ್ಕದ ಕುಂಡದಲ್ಲಿರುವುದಕ್ಕೆ ಬರೋದೇ ಇಲ್ಲ. ಆಮೇಲೆ ಹೂದಂಟು. ನಾಲ್ಕು ಹೂವಿನ ಭಾರ ಹೊತ್ತು ಕೋಲಿನ ಆಸರೆ ಇಲ್ಲದೆ ನಿಲ್ಲಬೇಕು. ಮರಿಗೆಡ್ಡೆ ಹಾಕಬೇಕು, ಇಲ್ಲದಿದ್ದರೆ ಒಳ್ಳೆಯ ಸಸಿ ಸಿಕ್ಕರೂ ಅದನ್ನು ಹೆಚ್ಚಿಸಲು ಗೆಡ್ಡೆಯನ್ನೇ ಕತ್ತರಿಸಬೇಕಾಗುತ್ತದೆ.

ಇನ್ನೊಂದು ವಿಷಯ. ಹೊಸದಾಗಿ ತಂದ ಗೆಡ್ಡೆ ಮೊದಲ ಸಲ ಕೊಡುವ ಹೂವನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ. ಆ ಮೊಗ್ಗು ಬೆಳೆದವರ ಹೊಲದಲ್ಲೇ ಗೆಡ್ಡೆಯೊಳಗೆ ತಯಾರಾಗಿರುತ್ತದೆ. ಸುಮಾರು ನಾಲ್ಕು ಎಲೆಗೆ ಒಂದರಂತೆ ಹೂಗೊಂಚಲಿನ ಕುಡಿ ಒಳಗೇ ಮೂಡುವುದು ಈ ಗಿಡದ ಕ್ರಮ. ನನ್ನ ಕುಂಡದಲ್ಲಿ ಬೆಳೆದ ಎಲೆಗಳಿಂದ ಹೂ ಬಂದಾಗ ಮಾತ್ರ ಅದರ ನಿಜವಾದ ಗುಣ ಗೊತ್ತಾಗುತ್ತದೆ. ಕಂಡ ಕೂಡಲೇ ಪರಾಗ ಹಚ್ಚುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗುತ್ತದೆ. ಕಾದರೆ ಒಳ್ಳೆಯದು.

ಇನ್ನು ಕ್ರೋಮೊಸೋಮ್, ಅಂದರೆ ಜೀವಕೋಶದೊಳಗೆ ಗಿಡದ ಗುಣಗಳನ್ನು ಹೊತ್ತಿರುವ ಎಳೆಗಳ ಲೆಕ್ಕ. ಇದನ್ನು ಬಿಟ್ಟು ಮುಂದೆ ಹೋದರೆ ಬೇಸರವೇ ಗತಿ. ಬಹುತೇಕ ಕಾಡುಜಾತಿಗಳಲ್ಲಿ ಕ್ರೋಮೊಸೋಮ್ 22, ಅಂದರೆ ಎರಡು ಕಂತೆ ಇರುವ ಡಿಪ್ಲಾಯ್ಡ್. ಅಂಗಡಿಯಲ್ಲಿ ಸಿಗುವ ದೊಡ್ಡ ಹೂವಿನ ತಳಿಗಳಲ್ಲಿ ಹೆಚ್ಚಿನವು 44, ಅಂದರೆ ನಾಲ್ಕು ಕಂತೆ ಇರುವ ಟೆಟ್ರಾಪ್ಲಾಯ್ಡ್. ಇವೆರಡನ್ನೂ ಕೂಡಿಸಿದರೆ ತಂದೆ ತಾಯಿ ತಮ್ಮದರಲ್ಲಿ ಅರ್ಧರ್ಧ ಕೊಡುವುದರಿಂದ ಮಗುವಿಗೆ ಸಾಮಾನ್ಯವಾಗಿ 33 ಬರುತ್ತದೆ. ಅಂಥ ಗಿಡ ಚೆನ್ನಾಗಿ ಹೂ ಬಿಡಬಹುದು, ಆದರೆ ಬಹುಮಟ್ಟಿಗೆ ಬಂಜೆ. ವಂಶ ಅಲ್ಲಿಗೇ ನಿಲ್ಲುತ್ತದೆ. ಬ್ರೆಜಿಲ್‌ನ ಕಾಡಿನಿಂದ ಬಂದ ಪಪಿಲಿಯೊ ಜಾತಿಯನ್ನೇ ನೋಡಿ. ತೆಳು ಹಸಿರು ಎಸಳಿನ ಮೇಲೆ ಕಂದುಗೆಂಪು ಗೆರೆ, ಚಿಟ್ಟೆಯ ಥರ. ನೋಡಿದವರೆಲ್ಲ ಅದನ್ನು ದೊಡ್ಡ ಕೆಂಪು ಹೂವಿನ ಜೊತೆ ಬೆರೆಸಬೇಕು ಅನ್ನುತ್ತಾರೆ. ನಾನೂ ಬೆರೆಸಿ ನೋಡಿದ್ದೇನೆ. ಕಾಯಿ ಉಬ್ಬುತ್ತದೆ, ಒಡೆದು ನೋಡಿದರೆ ಬಹುಪಾಲು ಜಳ್ಳು. ಅಪರೂಪಕ್ಕೆ ನಾಲ್ಕಾರು ಬೀಜ ಗಟ್ಟಿ ಇರುತ್ತವೆ. ಡಿಪ್ಲಾಯ್ಡ್‌ಗೆ ಡಿಪ್ಲಾಯ್ಡ್ ಜೋಡಿ ಮಾಡಿದರೆ ಅದೇ ಪಪಿಲಿಯೊ ಕಾಯಿ ತುಂಬಾ ಬೀಜ ಕೊಡುತ್ತದೆ. ಈ ಕಾಡುಜಾತಿಗಳಲ್ಲಿ ಅನೇಕವು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ ಅನ್ನೋದೂ ನೆನಪಿರಲಿ. ಒಂದೇ ಗೆಡ್ಡೆಯ ಮರಿಗಳಾದರೆ ಅವೆಲ್ಲ ಒಂದೇ ಗಿಡ ಇದ್ದಂತೆ, ಅವುಗಳ ನಡುವೆ ಪರಾಗ ಹಚ್ಚಿ ಪ್ರಯೋಜನ ಇಲ್ಲ.

ಕೈಕೆಲಸ ಸುಲಭ. ತಾಯಿ ಮಾಡಬೇಕಾದ ಹೂವಿನ ಮೊಗ್ಗು ಬಿರಿಯುತ್ತಿದ್ದಂತೆ ಆರೂ ಪರಾಗಕೋಶಗಳನ್ನು ಚಿಮುಟದಿಂದ ಕಿತ್ತುಬಿಡುತ್ತೇನೆ. ಆಗ ಅವು ಇನ್ನೂ ಒಡೆದಿರುವುದಿಲ್ಲ. ಶಲಾಕೆಯ, ಅಂದರೆ ಹೂವಿನ ನಡುವಿನ ಹೆಣ್ಣುಕಡ್ಡಿಯ ತುದಿ ಆ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಅದು ಮೂರು ಸೀಳಾಗಿ ಹಿಂದಕ್ಕೆ ಬಾಗುತ್ತದೆ, ಮುಟ್ಟಿದರೆ ಅಂಟು. ಅದೇ ಸರಿಯಾದ ಸಮಯ. ಬ್ರಷ್ ನನಗೆ ಇಷ್ಟ ಇಲ್ಲ, ಹಿಂದಿನ ಹೂವಿನ ಪರಾಗ ಅದರ ಕೂದಲಲ್ಲಿ ಉಳಿದಿರುತ್ತದೆ. ತಂದೆ ಹೂವಿನ ಪರಾಗಕೋಶವನ್ನೇ ಚಿಮುಟದಲ್ಲಿ ಹಿಡಿದು ಮೂರೂ ಸೀಳಿಗೆ ಸವರುತ್ತೇನೆ, ಮಾರನೇ ದಿನ ಮತ್ತೊಮ್ಮೆ. ಆಮೇಲೆ ಎಸಳುಗಳನ್ನೆಲ್ಲ ಕಿತ್ತುಹಾಕುತ್ತೇನೆ. ಕೂರಲು ಜಾಗ ಇಲ್ಲದಿದ್ದರೆ ಜೇನ್ನೊಣ ಆ ಕಡೆ ಬರುವುದು ಕಡಿಮೆ. ಚೆನ್ನಾಗಿರೋ ಹೂವನ್ನು ಹಾಳು ಮಾಡಿದೆ ಅಂತ ಮನೆಯಲ್ಲಿ ಬೈಗುಳ ಖಾಯಂ.

ಚೀಟಿ ಅವತ್ತೇ ಕಟ್ಟಬೇಕು. ತಾಯಿ ಹೆಸರು ಮೊದಲು, ನಂತರ ಗುಣಾಕಾರದ ಗುರುತು, ನಂತರ ತಂದೆ, ಕೆಳಗೆ ತಾರೀಖು. ಪೆನ್ಸಿಲ್‌ನಲ್ಲಿ ಬರೆದರೆ ಬಿಸಿಲಿಗೆ ಮಾಸುವುದಿಲ್ಲ.

ಎರಡು ಗಿಡ ಒಟ್ಟಿಗೆ ಹೂ ಬಿಡದಿದ್ದರೆ ಪರಾಗವನ್ನು ಕೂಡಿಡಬಹುದು. ಪರಾಗಕೋಶಗಳನ್ನು ಕಾಗದದ ಮೇಲೆ ನೆರಳಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡುತ್ತೇನೆ. ತಿಂಗಳುಗಟ್ಟಲೆ ಇರುತ್ತದೆ. ಹೊರಗೆ ತೆಗೆದಾಗ ಡಬ್ಬಿಯ ಚಳಿ ಬಿಡುವವರೆಗೆ ಮುಚ್ಚಳ ತೆರೆಯಬಾರದು. ತೆರೆದರೆ ಒಳಗೆ ನೀರು ಹನಿಗಟ್ಟುತ್ತದೆ, ಒದ್ದೆಯಾದ ಪರಾಗ ಯಾವುದಕ್ಕೂ ಬರುವುದಿಲ್ಲ.

ಕಾಯಿ ಬಲಿಯಲು ನಾಲ್ಕರಿಂದ ಆರು ವಾರ ಬೇಕು. ಹಳದಿಯಾಗಿ ಮೂರು ಕಡೆ ಬಿರಿದಾಗ ಒಳಗೆ ಕಪ್ಪು ಬೀಜಗಳ ಅಡುಕು ಕಾಣುತ್ತದೆ, ಒಂದೊಂದೂ ಕಾಗದದಷ್ಟು ತೆಳು. ಬೆಳಕಿಗೆ ಹಿಡಿದು ನೋಡಿ, ನಡುವೆ ಉಬ್ಬಿದ ತಿರುಳು ಇದ್ದರೆ ಅದು ಬೀಜ, ಇಲ್ಲದಿದ್ದರೆ ಬರೀ ಸಿಪ್ಪೆ. ಇವನ್ನು ವರ್ಷಗಟ್ಟಲೆ ಇಡಲಾಗುವುದಿಲ್ಲ, ತಾಜಾ ಇರುವಾಗಲೇ ಬಿತ್ತಬೇಕು. ನೀರಿನ ಬಟ್ಟಲಲ್ಲಿ ತೇಲಿಬಿಟ್ಟು, ಬೇರು ಬಂದ ಮೇಲೆ ಮಣ್ಣಿಗೆ ಹಾಕುವ ವಿಧಾನ ತುಂಬಾ ಜನಪ್ರಿಯ. ನೋಡಲು ಮಜಾ. ಆದರೆ ಎಳೆ ಬೇರು ಮುರಿಯದಂತೆ ಒಂದೊಂದನ್ನೇ ಎತ್ತಿಡುವ ತಾಳ್ಮೆ ನನಗಿಲ್ಲ. ಅನುಮಾನದ ಜೋಡಿಯ ಒಂದೆರಡು ಬೀಜ ಇದ್ದಾಗ ಮಾತ್ರ ಹಾಗೆ ಮಾಡುತ್ತೇನೆ. ಉಳಿದದ್ದನ್ನು ನೀರು ಚೆನ್ನಾಗಿ ಬಸಿಯುವ ಮಿಶ್ರಣಕ್ಕೆ ನೇರವಾಗಿ ಹಾಕಿ ಮೇಲೆ ತೆಳ್ಳಗೆ ಮುಚ್ಚುತ್ತೇನೆ. ಎರಡು ಮೂರು ವಾರದಲ್ಲಿ ಹುಲ್ಲಿನಂಥ ಒಂದೊಂದು ಎಲೆ ಮೇಲೆ ಬರುತ್ತದೆ.

ಸಸಿಗಳನ್ನು ಮೊದಲ ಎರಡು ವರ್ಷ ನಿದ್ದೆಗೆ ಬಿಡಬಾರದು. ದೊಡ್ಡ ಗೆಡ್ಡೆಗೆ ನೀರು ನಿಲ್ಲಿಸಿ ಒಣಗಿಸುವ ಪದ್ಧತಿ ಇವಕ್ಕೆ ಬೇಡ. ಎಲೆ ಹಸಿರಾಗಿ ಇದ್ದಷ್ಟು ಕಾಲ ಗೆಡ್ಡೆ ದಪ್ಪ ಆಗುತ್ತಲೇ ಹೋಗುತ್ತದೆ, ಹೂವೂ ಬೇಗ ಬರುತ್ತದೆ. ಕಾಟ ಕೊಡುವುದು ಮುಖ್ಯವಾಗಿ ಲಿಲ್ಲಿ ಹುಳು. ಕಪ್ಪು ಮೈ, ಬಿಳಿ ಚುಕ್ಕೆ. ಎಲೆ ತಿಂದು, ಹಾಗೇ ಗೆಡ್ಡೆಯೊಳಗೆ ಕೊರೆದುಕೊಂಡು ಹೋಗುತ್ತದೆ. ಎಲೆಯ ಹಿಂದೆ ಮೊಟ್ಟೆ ಗುಂಪಾಗಿ ಇರುವಾಗಲೇ ಒರೆಸಿಹಾಕಿದರೆ ಔಷಧಿ ಬೇಕಾಗುವುದಿಲ್ಲ. ಮೊಸಾಯಿಕ್ ವೈರಸ್ ಬಂದ ಗಿಡದ ಎಲೆಯಲ್ಲಿ ಹಳದಿ ಪಟ್ಟೆ ಕಾಣುತ್ತದೆ. ಅದಕ್ಕೆ ಮದ್ದಿಲ್ಲ. ಗಿಡಹೇನು ಮತ್ತು ಕತ್ತರಿಸಿದ ಚಾಕು ಅದನ್ನು ದಾಟಿಸುತ್ತವೆ, ಹಾಗಾಗಿ ಪ್ರತಿ ಗಿಡಕ್ಕೂ ಚಾಕು ಒರೆಸಿ ಸ್ವಚ್ಛ ಮಾಡಿಯೇ ಮುಂದಿನದಕ್ಕೆ ಹೋಗುತ್ತೇನೆ.

ಇಷ್ಟು ವರ್ಷ ಕಾಯಲು ಆಗೋದಿಲ್ಲ ಅನ್ನುವವರಿಗೆ ರೈನ್ ಲಿಲ್ಲಿ ಅನ್ನೋ ಸಣ್ಣ ಗೆಡ್ಡೆಯ ಹೂಗಿಡ ಇದೆ. ಚೆನ್ನಾಗಿ ಬೆಳೆಸಿದರೆ ಬಿತ್ತಿದ ಒಂದೆರಡು ವರ್ಷದಲ್ಲೇ ಹೂವು. ಹೂ ಇರೋದು ಒಂದೆರಡು ದಿನ ಮಾತ್ರ, ಪರಾಗವೂ ಬೇಗ ಸಿಡಿಯುತ್ತದೆ. ಅದಕ್ಕೇ ಹಿಂದಿನ ಸಂಜೆ ಮೊಗ್ಗು ಬಿಡಿಸಿಯೇ ಕೇಸರ ತೆಗೆಯಬೇಕು. ಒಂದು ಎಚ್ಚರಿಕೆ: ಹಳದಿ ಹೂವಿನ ಸಿಟ್ರಿನಾ ಜಾತಿಯನ್ನು ತಾಯಿ ಮಾಡಬೇಡಿ. ಯಾರ ಪರಾಗ ಹಚ್ಚಿದರೂ ಅದರ ಬೀಜದಿಂದ ಬರೋದು ತಾಯಿಯ ನಕಲೇ. ಬೀಜ ಕೂಡುತ್ತದೆ, ಆದರೆ ಬೆರಕೆ ಆಗಿರುವುದಿಲ್ಲ. ಅದರ ಬಣ್ಣ ಬೇಕಿದ್ದರೆ ಅದನ್ನು ತಂದೆಯಾಗಿ ಬಳಸಿ.

ಕೊನೆಗೆ ಆಯ್ಕೆ. ಅಮರಿಲ್ಲಿಸ್ ಸಸಿಯ ಮೊದಲ ಹೂವು ಸಾಮಾನ್ಯವಾಗಿ ಸಣ್ಣದು, ದಂಟೂ ಗಿಡ್ಡ. ಎರಡನೇ ಸಲ ಬಂದ ಹೂವು ನೋಡಿ ತೀರ್ಮಾನ ಮಾಡುತ್ತೇನೆ. ಉಳಿಸಿಕೊಳ್ಳುವುದು ಬೆರಳೆಣಿಕೆಯಷ್ಟು. ಉಳಿದದ್ದು ಕೇಳಿದವರಿಗೆ ಹೋಗುತ್ತದೆ, ಆದರೆ ತಂದೆಯ ಹೆಸರಲ್ಲಾಗಲಿ ತಾಯಿಯ ಹೆಸರಲ್ಲಾಗಲಿ ಅಲ್ಲ, ಬರೀ "ಬೀಜದ ಸಸಿ" ಅನ್ನೋ ಚೀಟಿಯೊಂದಿಗೆ. ಇಲ್ಲದಿದ್ದರೆ ಮುಂದೆ ಅದನ್ನು ಬೆರೆಸುವವರ ಲೆಕ್ಕವೆಲ್ಲ ತಪ್ಪಾಗುತ್ತದೆ.

ಒಂದು ಜೋಡಿಯ ಮಕ್ಕಳೆಲ್ಲ ಸಪ್ಪೆ ಅನಿಸಿದರೂ ಎಲೆ, ದಂಟು ಗಟ್ಟಿ ಇರುವ ಎರಡನ್ನು ಇಟ್ಟುಕೊಳ್ಳಿ. ಅವೆರಡನ್ನೇ ತಮ್ಮತಮ್ಮಲ್ಲಿ ಬೆರೆಸಿದರೆ, ಮೊದಲ ಪೀಳಿಗೆಯಲ್ಲಿ ಅಡಗಿದ್ದ ಅಜ್ಜ ಅಜ್ಜಿಯ ಬಣ್ಣ, ಗೆರೆ ಮೊಮ್ಮಕ್ಕಳಲ್ಲಿ ಬೇರೆ ಬೇರೆಯಾಗಿ ಹೊರಗೆ ಬರುತ್ತವೆ. ನನ್ನ ಒಳ್ಳೆಯ ಗಿಡಗಳಲ್ಲಿ ಹೆಚ್ಚಿನವು ಬಂದಿರೋದು ಹೀಗೆ, ಯಾರೂ ತಿರುಗಿ ನೋಡದ ಸಸಿಗಳಿಂದ.