ಕಾರಿನ ಅಡಿಹಲಗೆ: ಬಿಚ್ಚಿಡಬೇಕೇ, ಬಿಚ್ಚುವುದಾದರೆ ಹೇಗೆ?

ಸ್ಪೋರ್ಟ್ಸ್ ಕಾರಿನ ಇಂಜಿನ್ ಕೆಳಗಿನ ಅಂಡರ್‌ಟ್ರೇ, ಅಂದರೆ ಕಾರಿನಡಿ ಮುಚ್ಚುವ ಹಲಗೆ, ರಸ್ತೆಯ ಕಲ್ಲಿಗಿಂತ ಬಿಚ್ಚುವವರ ಕೈಗೆ ಸಿಕ್ಕಿಯೇ ಹೆಚ್ಚು ಹಾಳಾಗುತ್ತದೆ. ಆಯಿಲ್ ಬದಲಿಸಲೆಂದು ಬಿಚ್ಚುತ್ತಾರೆ, ಮುರಿದ ಕ್ಲಿಪ್ ಎಸೆಯುತ್ತಾರೆ, ಉಳಿದ ನಾಲ್ಕೇ ಬೋಲ್ಟಿಗೆ ನೇತುಹಾಕುತ್ತಾರೆ. ಅದು ಲಟಲಟ ಅನ್ನತೊಡಗಿದಾಗ ‘ಇದಿಲ್ಲದಿದ್ದರೇ ಇಂಜಿನ್ ತಂಪು’ ಎಂದು ಮೂಲೆಗೆ ತಳ್ಳುತ್ತಾರೆ. ಆ ಮಾತು ಕೆಲವೇ ಕಾರುಗಳಿಗೆ ಸರಿ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಬಿಸಿಗಾಳಿ ಎಲ್ಲಿಂದ ಹೊರಬೀಳುತ್ತದೆ ನೋಡಿ. ರೇಡಿಯೇಟರ್, ಇಂಜಿನ್ ಎರಡೂ ಮುಂದಿದ್ದರೆ ಟ್ರೇ ಇರಲೇಬೇಕು. ಮೂತಿಯಿಂದ ನುಗ್ಗಿದ ಗಾಳಿ ರೇಡಿಯೇಟರನ್ನು ಹಾದುಹೋಗಲು ಅದರ ಹಿಂದೆ ಒತ್ತಡ ಕಡಿಮೆ ಇರಬೇಕು. ಟ್ರೇ ತೆಗೆದರೆ ವೇಗದಲ್ಲಿ ಕೆಳಗಿನಿಂದಲೂ ಗಾಳಿ ನುಗ್ಗಿ ಆ ಹರಿವಿಗೆ ಅಡ್ಡ ನಿಲ್ಲುತ್ತದೆ. ನಿಂತಲ್ಲಿ ತಂಪಾಗಿದ್ದ ಇಂಜಿನ್ ಹೆದ್ದಾರಿಯಲ್ಲಿ ಬಿಸಿಯೇರಬಹುದು. ಬೆಲ್ಟು, ಆಲ್ಟರ್ನೇಟರಿಗೆ ಕೆಸರು, ಜಲ್ಲಿಯ ಏಟು ಬೇರೆ.

ಗಾಳಿಯಿಂದಲೇ ತಂಪಾಗುವ ಹಿಂಬದಿ ಇಂಜಿನ್ನಿನ ಲೆಕ್ಕ ಬೇರೆ. ಪೋರ್ಶೆ 911ರ 964, 993 ಮಾದರಿಗಳಲ್ಲಿ ಫ್ಯಾನ್ ಸಿಲಿಂಡರುಗಳ ಮೇಲಿಂದ ಕೆಳಕ್ಕೆ ಗಾಳಿ ದೂಡುತ್ತದೆ. ಬಿಸಿ ಹೊರಬೀಳಬೇಕಾದ ಜಾಗದಲ್ಲೇ ಹಲಗೆ ಇದೆ. ಅದರ ಮುಖ್ಯ ಕೆಲಸ ಸದ್ದು ತಗ್ಗಿಸುವುದು ಮತ್ತು ಕಾರಿನಡಿ ಗಾಳಿ ನುಣ್ಣಗೆ ಹರಿಯುವಂತೆ ಮಾಡುವುದು. ಬಿಸಿಲಿನಲ್ಲಿ, ನಿಂತು ನಿಂತು ಸಾಗುವ ಸಂಚಾರದಲ್ಲಿ ಓಡಿಸುವವರು ಇಂಜಿನ್ ಕೆಳಗಿನ ತುಂಡನ್ನು ಬಿಚ್ಚಿಡುವುದೇ ಒಳ್ಳೆಯದು. ಆದರೆ ಎಸೆಯಬೇಡಿ, ಕಾರು ಮಾರುವಾಗ ಕೊಳ್ಳುವವರು ಕೇಳುತ್ತಾರೆ. ಇಂಜಿನ್ ನಡುವೆ ಇರುವ ಕಾರಿನಲ್ಲಿ ಟ್ರೇಗೆ ಸೀಳುಗಳಿದ್ದರೆ ಅವು ಗಾಳಿಯ ದಾರಿಗಳೇ, ಅದನ್ನು ಮುಟ್ಟಬೇಡಿ.

ಇನ್ನೊಂದು ಎಚ್ಚರ. ದಪ್ಪ ಲೋಹದ ಹಲಗೆಯನ್ನು ದೊಡ್ಡ ಬೋಲ್ಟುಗಳಿಂದ ಸಬ್‌ಫ್ರೇಮಿಗೆ (ಇಂಜಿನ್ ಇಲ್ಲವೇ ಸಸ್ಪೆನ್ಷನ್ ಹೊರುವ ಚೌಕಟ್ಟಿಗೆ) ಬಿಗಿದಿದ್ದರೆ ಅದು ಟ್ರೇ ಅಲ್ಲ, ಚೌಕಟ್ಟಿಗೆ ಬಿಗಿ ಕೊಡುವ ಭಾಗ. ಅದನ್ನು ಬಿಚ್ಚಿಟ್ಟು ಕಾರು ಓಡಿಸಲೇಬಾರದು. ಇನ್ನು ಟ್ರೇ ಬಿಚ್ಚುವುದು ಹೀಗೆ:

1. ಇಂಜಿನ್ ಪೂರ್ತಿ ಆರಲಿ. ಕಾರು ತಗ್ಗಾಗಿದ್ದು ಜಾಕ್ ತೂರದಿದ್ದರೆ ಚಕ್ರಗಳನ್ನು ಮೊದಲು ಅಗಲವಾದ ಮರದ ಹಲಗೆಗಳ ಮೇಲೆ ಹತ್ತಿಸಿ. ಎತ್ತಿದ ಮೇಲೆ ಕಾರಿನ ಭಾರ ಹೊರಲು ಜಾಕ್ ಸ್ಟ್ಯಾಂಡ್ ಕಡ್ಡಾಯ. ಬರೀ ಜಾಕ್ ನಂಬಿ ತಲೆ ಒಳಗಿಡಬೇಡಿ. ಕಣ್ಣಿಗೆ ಕನ್ನಡಕವಿರಲಿ, ಹಲಗೆ ವಾಲಿದೊಡನೆ ಮರಳು, ನಿಂತ ಆಯಿಲ್ ಮುಖದ ಮೇಲೇ ಸುರಿಯುತ್ತದೆ.

2. ಎಡವುವುದು ಇಲ್ಲೇ. ಒಂದೇ ಟ್ರೇಯಲ್ಲಿ ಮೂರು ಬಗೆಯ ಹಿಡಿತಗಳಿರಬಹುದು, ಮೂರನ್ನೂ ಒಂದೇ ರೀತಿ ತಿರುಗಿಸಿದರೆ ಎರಡು ಮುರಿಯುತ್ತವೆ. ಕಾಲುಸುತ್ತಿನ ಲಾಕ್ 90 ಡಿಗ್ರಿ ತಿರುಗಿದರೆ ಬಿಡುತ್ತದೆ; ಇನ್ನೂ ತಿರುಗಿಸಿದರೆ ತಲೆ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಒತ್ತುಗುಂಡಿಯ ನಡುವಿನ ಕಡ್ಡಿಯನ್ನು ಮೊದಲು ಎಬ್ಬಿಸಿ, ಆಮೇಲೆ ಗುಂಡಿ ಎಳೆಯಿರಿ. ಎರಡನ್ನೂ ಒಟ್ಟಿಗೆ ಕಿತ್ತರೆ ಒಳಗಿನ ಕಾಲುಗಳು ಮುರಿಯುತ್ತವೆ.

ಮೂರನೆಯದು ಬೋಲ್ಟ್, ಸಾಮಾನ್ಯವಾಗಿ 10 ಮಿ.ಮೀ. ತಲೆಯ ಎಂ6, ಅಂದರೆ 6 ಮಿ.ಮೀ. ದಪ್ಪದ್ದು. ಅಲ್ಯೂಮಿನಿಯಂಗೆ ಉಕ್ಕು ತಾಗಿ, ಉಪ್ಪುನೀರು ಬಿದ್ದಲ್ಲಿ ಇವು ಕಚ್ಚಿಕೊಳ್ಳುತ್ತವೆ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, 20 ನಿಮಿಷ ಸುಮ್ಮನಿರಿ. ಆಮೇಲೆ ಕೈಸ್ಪ್ಯಾನರಿನಲ್ಲಿ ಮೊದಲು ಕೂದಲೆಳೆಯಷ್ಟು ಬಿಗಿದು, ಬಳಿಕ ಸಡಿಲಿಸಿ. ಬಿಗಿ ಎನಿಸಿದಾಗ ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಹಾಕಿ. ಇಂಪ್ಯಾಕ್ಟ್ ಗನ್ ಬೇಡವೇ ಬೇಡ. ಅದು ಬೋಲ್ಟನ್ನು ಬಿಡಿಸುವ ಮೊದಲೇ ಬಾಡಿಯ ತಗಡಿನ ತೂತಿನಲ್ಲಿ ಅಮುಕಿ ಕೂರಿಸಿದ ರಿವೆಟ್ ನಟ್ಟನ್ನೇ ಸಡಿಲಿಸುತ್ತದೆ. ಬೋಲ್ಟ್ ಎಷ್ಟು ತಿರುಗಿದರೂ ಕೆಳಗಿಳಿಯದಿದ್ದರೆ ನಟ್ಟೂ ಜೊತೆಗೇ ಸುತ್ತುತ್ತಿದೆ ಎಂದರ್ಥ. ಆಗ ಬೋಲ್ಟ್ ತಲೆಗೂ ಹಲಗೆಗೂ ನಡುವೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಕೆಳಕ್ಕೆ ಮೀಟುತ್ತ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ತಲೆ ಕತ್ತರಿಸಿ, ಹೊಸ ರಿವೆಟ್ ನಟ್ ಕೂರಿಸಿ. ಆಯಿಲ್ ಅಂಟಿದ ಕಡೆ ಕಿಡಿ ಹಾರುವ ಗ್ರೈಂಡರ್ ಬೇಡ, ಗರಗಸ ಸಾಕು.

ಬೋಲ್ಟುಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಟ್ರೇ ಚಿತ್ರ ಗೀಚಿ, ತೆಗೆದದ್ದನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಮೇಲಿರುವ ಪೈಪಿಗೆ ಚುಚ್ಚಬಹುದು.

3. ನಡುವಿನ ಎರಡು ಬೋಲ್ಟುಗಳನ್ನು ಕೊನೆಗೆ ಬಿಚ್ಚಿ, ಹಲಗೆಯನ್ನು ಕೈಯಲ್ಲಿ ಹಿಡಿದು ಇಳಿಸಿ.

4. ತೊಳೆಯುವ ಮೊದಲು ಹಲಗೆಯ ಮೇಲಿನ ಕಲೆಗಳನ್ನು ಓದಿ: ಕಪ್ಪು ಜಿಡ್ಡು ಇಂಜಿನ್ ಆಯಿಲ್, ಬಣ್ಣದ ಕಲೆ, ಬಿಳಿ ಹುಡಿ ಕಂಡರೆ ಕೂಲಂಟ್ (ರೇಡಿಯೇಟರಿನ ದ್ರವ). ಒಳಗಿನ ಸದ್ದು ತಡೆಯುವ ಸ್ಪಂಜು ಆಯಿಲ್ ಕುಡಿದಿದ್ದರೆ ಅದನ್ನು ಕಿತ್ತೆಸೆಯಿರಿ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ದೀಪದ ಬತ್ತಿ ಇದ್ದಂತೆ. ಪೆಟ್ರೋಲಿನಲ್ಲಿ ತೊಳೆಯುವುದು ಅದಕ್ಕಿಂತ ಕೆಟ್ಟ ಉಪಾಯ.

5. ಮರಳಿ ಹಾಕುವಾಗ ಹೆಂಚು ಹೊದಿಸಿದ ಲೆಕ್ಕ: ಮುಂದಿನ ತುಂಡಿನ ಹಿಂಅಂಚು ಹೊರಗೆ, ಅಂದರೆ ಕೆಳಗೆ, ಹಿಂದಿನ ತುಂಡಿನ ಮುಂಅಂಚು ಅದರ ಒಳಗೆ. ತಿರುಗುಮುರುಗಾದರೆ ಅಂಚು ಗಾಳಿಯನ್ನು ಬಾಚಿಕೊಳ್ಳುತ್ತದೆ, ವೇಗದಲ್ಲಿ ಟ್ರೇ ಹರಿದು ಚಕ್ರದಡಿ ಸಿಗುತ್ತದೆ. ಎಲ್ಲ ಬೋಲ್ಟುಗಳನ್ನೂ ಎರಡು ಸುತ್ತು ಬೆರಳಲ್ಲೇ ಹಿಡಿಸಿ, ಕೊನೆಗೆ ಬಿಗಿಯಿರಿ. ಪ್ಲಾಸ್ಟಿಕ್ ತೂತು ಅಗಲವಾಗಿದ್ದರೆ ದೊಡ್ಡ ವಾಷರ್ ಹಾಕಿ. ಕೇಬಲ್ ಟೈ ಕಟ್ಟಿದ್ದನ್ನು ದುರಸ್ತಿ ಎನ್ನುವಂತಿಲ್ಲ.

‘ಎಲ್ಲ ಕಾರಿಗೂ ಆಗುತ್ತದೆ’ ಎನ್ನುವ ನೂರಾರು ಕ್ಲಿಪ್ಪಿನ ಡಬ್ಬಿಯನ್ನೂ ಕೊಳ್ಳಬೇಡಿ. ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಉದುರುತ್ತವೆ. ಕಾರಿನ ಪಾರ್ಟ್ ನಂಬರ್ ಕೊಟ್ಟೇ ತರಿಸಿ, ಎರಡು ಹೆಚ್ಚಿಗೆ ಇರಲಿ.

50 ಕಿ.ಮೀ. ಓಡಿಸಿದ ಮೇಲೆ ಬಗ್ಗಿ ನೋಡಿ, ಮುಂದಿನ ಸಾಲಿನ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.